ಬೆಂಗಳೂರಿನ ಅಲ್ಪಪರಿಚಿತ ಸ್ಮಾರಕಗಳು: ಶೋಧ ಮತ್ತು ಸಂರಕ್ಷಣೆಯ ಇತಿಹಾಸ

ಟಿಪ್ಪುವಿನ ಅರಮನೆ, ಲಾಲ್‌ಬಾಗಿನ ಗಾಜಿನ ಮನೆ ಮೊದಲಾದ ಸುಪ್ರಸಿದ್ಧ ಕಟ್ಟಡಗಳನ್ನು ಬಿಟ್ಟರೆ, ಬೆಂಗಳೂರಿನ ಪ್ರಾಚೀನತೆಗೆ ಸಾಕ್ಷಿಯಾದ ಅವಶೇಷಗಳಲ್ಲಿ ಬಹುಭಾಗವು ಕೆರೆಯ ಏರಿಗಳ ಮೇಲೆ, ಗ್ರಾಮದೇವತೆಗಳ ಗುಡಿಯಂಗಳಗಳಲ್ಲಿ, ಒಂದು ಕಾಲದಲ್ಲಿ ಹಳ್ಳಿಗಳಾಗಿದ್ದು ಈಗ ಬಡಾವಣೆಗಳೆನಿಸಿಕೊಂಡಿರುವ ಊರುಗಳ ಸಂದಿಗೊಂದಿಗಳಲ್ಲಿ ಚದುರಿಹೋಗಿದೆ. ಶಿಲಾಶಾಸನ, ವೀರಗಲ್ಲು, ಕಲ್ಯಾಣಿ, ಗಡಿಗೋಪುರ, ಭೂಮಾಪನದ ಕಟ್ಟೆ, ಹಳೆಯ ವಾಸಗೃಹ ಇವೆಲ್ಲವೂ ಈ ವರ್ಗಕ್ಕೆ ಸೇರತಕ್ಕವು.

ಇವುಗಳ ವ್ಯವಸ್ಥಿತವಾದ ಅನ್ವೇಷಣೆಯು ಆರಂಭವಾದದ್ದು ಕಟ್ಟಡಗಳಿಂದಲ್ಲ, ಕಲ್ಲಿನ ಮೇಲಣ ಬರಹಗಳಿಂದ. ಬೆಂಗಳೂರಿನಲ್ಲಿಯೇ ಜನಿಸಿ, ಕನ್ನಡವನ್ನು ಬಾಲ್ಯದಿಂದಲೇ ಬಲ್ಲವರಾಗಿದ್ದ ಬಿ. ಎಲ್. ರೈಸರು, ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಹಳ್ಳಿಹಳ್ಳಿಗಳ ಶಾಸನಗಳ ಪಡಿಯಚ್ಚುಗಳನ್ನು ತೆಗೆಯಿಸಿ, ಬೆಂಗಳೂರು ಜಿಲ್ಲೆಗೆ ಸಂಬಂಧಪಟ್ಟವುಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. 1906ರಲ್ಲಿ ಅವರು ನಿವೃತ್ತರಾದ ತರುವಾಯ ಆ ಹೊಣೆಯನ್ನು ವಹಿಸಿಕೊಂಡ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರ ಕಾಲದಲ್ಲಿ, ಬೇಗೂರಿನ ನಾಗೇಶ್ವರ ದೇವಾಲಯದಲ್ಲಿದ್ದ ಒಂದು ವೀರಶಾಸನವು ವಿದ್ವಾಂಸರ ಗಮನಕ್ಕೆ ಬಂದಿತು. ಗಂಗರ ಆಳಿಕೆಗೆ ಸೇರಿದ, ಕ್ರಿ.ಶ. 890ರ ಸುಮಾರಿನದೆಂದು ಗಣಿಸಲಾದ ಆ ಬರಹದಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದ್ದು, 1537ರಲ್ಲಿ ಕೆಂಪೇಗೌಡನು ಮಣ್ಣಿನ ಕೋಟೆಯನ್ನು ಕಟ್ಟಿಸುವುದಕ್ಕೆ ಆರು ಶತಮಾನಗಳಿಗೂ ಹಿಂದೆಯೇ ಈ ಹೆಸರಿನ ಊರೊಂದು ಇದ್ದಿತೆಂಬುದು ಅದರಿಂದ ಸ್ಥಾಪಿತವಾಯಿತು. ಕಾಡುಮಲ್ಲೇಶ್ವರನ ಗುಡಿಯ ಬಳಿಯ 1669ರ ಶಾಸನ, ಶಿವಾಜಿಯ ಮಲಸಹೋದರನಾದ ಏಕೋಜಿಯು ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟದ್ದನ್ನು ತಿಳಿಸತಕ್ಕದ್ದು, ಇದೇ ಬಗೆಯ ಇನ್ನೊಂದು ಅಮೂಲ್ಯ ದಾಖಲೆ.

ಆದರೆ ಗ್ರಂಥಸ್ಥವಾದುದೆಲ್ಲ ರಕ್ಷಿತವಾದಂತಾಗಲಿಲ್ಲ. ಪಾಠವು ಅಚ್ಚಾದ ಮೇಲೆ ಕಲ್ಲಿನ ಚಿಂತೆಯನ್ನು ಯಾರೂ ಮಾಡಲಿಲ್ಲವೆಂದೇ ಹೇಳಬೇಕು. ಹೊಲಗದ್ದೆಗಳು ನಿವೇಶನಗಳಾಗಿ, ಬೀದಿಗಳು ಅಗಲವಾಗುತ್ತ ಬಂದಂತೆ, ರೈಸರು ಓದಿದ ಎಷ್ಟೋ ಶಾಸನಗಳು ಚರಂಡಿಯ ಚಪ್ಪಡಿಗಳಾಗಿಯೂ ಅಡಿಪಾಯದ ಕಲ್ಲುಗಳಾಗಿಯೂ ಕಣ್ಮರೆಯಾದವು. ಉಳಿದವು ಬಹುಮಟ್ಟಿಗೆ ದೇವಸ್ಥಾನದ ಆವರಣದಲ್ಲಿದ್ದವು, ಇಲ್ಲವೆ ಊರವರು ಅರಿಶಿನ ಕುಂಕುಮವಿಟ್ಟು ದೇವರೆಂದು ಪೂಜಿಸುತ್ತಿದ್ದವು. ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಕಾಯಿದೆಯಾಗಲಿ 1961ರ ರಾಜ್ಯ ಕಾಯಿದೆಯಾಗಲಿ ಘೋಷಿತ ಸ್ಮಾರಕಗಳಿಗೆ ಮಾತ್ರ ರಕ್ಷಣೆಯನ್ನು ಕೊಡುವುದರಿಂದ, ಕಾಯಿದೆಗಿಂತಲೂ ಭಕ್ತಿಯೇ ಇಲ್ಲಿ ಹೆಚ್ಚಿನ ಕೆಲಸವನ್ನು ಮಾಡಿದೆ.

ಬುದ್ಧಿಪೂರ್ವಕವಾಗಿ ಅಳಿಸಿದುದಕ್ಕೂ ಉದಾಹರಣೆಯಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಮಡಿದ ಕಂಪನಿಯ ಸೈನಿಕರ ನೆನಪಿಗಾಗಿ ನಿಲ್ಲಿಸಿದ್ದ ‘ಸಿನೊಟಾಫ್’ ಎಂಬ ಸ್ಮಾರಕಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ಅದರ ಹೆಸರನ್ನು ಹೊತ್ತಿದ್ದ ಸಿನೊಟಾಫ್ ರಸ್ತೆಯು ನೃಪತುಂಗ ರಸ್ತೆಯಾಯಿತು. ಆಕ್ರಮಣಕಾರರ ಕೀರ್ತಿಯನ್ನು ಸಾರುವ ಕಂಬವು ಸ್ವತಂತ್ರ ದೇಶದ ನಡುಬೀದಿಯಲ್ಲೇಕೆ ಎಂಬ ಪ್ರಶ್ನೆಯು ಸಹಜವೇ. ಆದರೂ ವಸ್ತುಸಂಗ್ರಹಾಲಯಕ್ಕೆ ಸಾಗಿಸಬಹುದಾಗಿದ್ದ ಸಾಕ್ಷ್ಯವೊಂದನ್ನು ನಾಶಗೊಳಿಸಿದುದರಿಂದ ಇತಿಹಾಸಕ್ಕೆ ನಷ್ಟವೇ ಹೊರತು ಲಾಭವಾಗಲಿಲ್ಲ.

ಸಾರ್ವಜನಿಕರ ಮನೋಭಾವದಲ್ಲಿ ಬದಲಾವಣೆ ಕಂಡುಬಂದದ್ದು 1980ರ ದಶಕದಲ್ಲಿ. 1868ರಲ್ಲಿ ಪೂರ್ಣಗೊಂಡ, ಈಗ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯನ್ನೇ, ಹಳತಾಯಿತೆಂಬ ಕಾರಣದಿಂದ, ಕೆಡವುವ ಪ್ರಯತ್ನ ನಡೆದು ಅದು ಉಳಿದುಕೊಂಡ ಪ್ರಸಂಗವು, ಕಡಿಮೆ ಹೆಸರಿನ ಕಟ್ಟಡಗಳ ಗತಿಯೇನೆಂಬ ಆಲೋಚನೆಗೆ ಅವಕಾಶವಿತ್ತಿತು. ಟಿ. ಪಿ. ಇಸ್ಸಾರ್ ಅವರು ನಗರದ ವಾಸ್ತುಸಂಪತ್ತನ್ನು ಚಿತ್ರಸಹಿತವಾಗಿ ಪರಿಚಯಿಸಿದ ‘ದಿ ಸಿಟಿ ಬ್ಯೂಟಿಫುಲ್’ ಎಂಬ ಗ್ರಂಥವು 1988ರಲ್ಲಿ ಪ್ರಕಟವಾಯಿತು. ಪರಂಪರೆಯ ಸಂರಕ್ಷಣೆಗಾಗಿ 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯು ಕಟ್ಟಡಗಳ ಪಟ್ಟಿ ತಯಾರಿಸುವುದು, ಆಸಕ್ತರಿಗಾಗಿ ಪಾರಂಪರಿಕ ನಡಿಗೆಗಳನ್ನು ಏರ್ಪಡಿಸುವುದು ಮುಂತಾದ ಕಾರ್ಯಗಳನ್ನು ನಡೆಸಿಕೊಂಡು ಬಂದಿದೆ.

ವಿಚಿತ್ರವೆಂದರೆ, ಹಳೆಯದನ್ನು ನುಂಗುವ ಅಗೆತವೇ ಕೆಲವು ಸಲ ಅದನ್ನು ಹೊರಗೆಡಹಿದೆ. ಕಾಡುಮಲ್ಲೇಶ್ವರನ ಎದುರಿಗೆ ಮಣ್ಣಿನಡಿ ಹುದುಗಿದ್ದ ನಂದಿತೀರ್ಥದ ಕಲ್ಯಾಣಿಯು 1997ರಲ್ಲಿ ಬೆಳಕಿಗೆ ಬಂದಿತು. 2012ರಲ್ಲಿ ಕೃಷ್ಣರಾಜ ಮಾರುಕಟ್ಟೆಯ ಬಳಿ ಮೆಟ್ರೊ ರೈಲಿಗಾಗಿ ನೆಲವನ್ನು ತೋಡುವಾಗ ಎರಡು ಹಳೆಯ ಫಿರಂಗಿಗಳು ದೊರೆತವು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಯ ಕಾಮಗಾರಿಯ ಸಂದರ್ಭದಲ್ಲಿ ಸಿಕ್ಕಿದ, ಕಿಟ್ಟಯ್ಯನೆಂಬ ವೀರನ ಮರಣವನ್ನು ಹೇಳುವ ಕಲ್ಲು ಇವೆಲ್ಲಕ್ಕೂ ಮಿಗಿಲಾದುದು. ಗಂಗರಾಜನಾದ ಶ್ರೀಪುರುಷನ ಕಾಲದ, ಕ್ರಿ.ಶ. 750ರ ಸುಮಾರಿನ ಈ ಬರಹವನ್ನು ನಗರದ ಅತ್ಯಂತ ಪ್ರಾಚೀನವಾದ ಕನ್ನಡ ಶಾಸನವೆಂದು ಎಣಿಸುವರು. ಶಾಸನಗಳ ಹುಡುಕಾಟದಲ್ಲಿ ತೊಡಗಿದ್ದ ಹವ್ಯಾಸಿಗಳ ಪ್ರಯತ್ನದಿಂದ ಇದರ ಮಹತ್ತ್ವವು ಪ್ರಕಟವಾಯಿತು. ವೃತ್ತಿಯಿಂದ ಇತಿಹಾಸಜ್ಞರಲ್ಲದ ಇಂತಹವರು, ರೈಸರ ಹಳೆಯ ಸಂಪುಟವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೇಳಿದ ಸ್ಥಳಗಳಿಗೆ ಹೋಗಿ ವಿಚಾರಿಸಿ, ಕಳೆದುಹೋದುವೆಂದು ಭಾವಿಸಿದ್ದ ಹಲವು ಕಲ್ಲುಗಳನ್ನು ಪುನಃ ಗುರುತಿಸಿದ್ದಾರೆ. 1909ರಲ್ಲಿ ಸ್ಥಾಪನೆಗೊಂಡ ಮಿಥಿಕ್ ಸೊಸೈಟಿಯು 2021ರಿಂದ ಈ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಸಂಗ್ರಹಿಸುತ್ತಿದೆ. ಪಡಿಯಚ್ಚಿನಲ್ಲಿ ಕಾಣದ ಸವೆದ ಅಕ್ಷರಗಳೂ ಈ ವಿಧಾನದಿಂದ ಸ್ಫುಟವಾಗುವುದುಂಟು.

ಕಟ್ಟಡಗಳ ಪಾಲಿಗೆ ಈ ಅದೃಷ್ಟವಿಲ್ಲ. ಲಾಲ್‌ಬಾಗಿನೊಳಗೇ ಇದ್ದ ಕ್ರುಂಬಿಗಲ್ ಸಭಾಂಗಣವು ದುರಸ್ತಿಯಿಲ್ಲದೆ 2017ರಲ್ಲಿ ಕುಸಿಯಿತು. 1868ರಲ್ಲಿ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯವರು ಬೆಂಗಳೂರಿನ ಅಗರ ಮತ್ತು ಕಣ್ಣೂರುಗಳ ನಡುವೆ ಅಳೆದ ಆಧಾರರೇಖೆಯ ಒಂದು ತುದಿಯನ್ನು ಸೂಚಿಸುತ್ತಿದ್ದ ಕಣ್ಣೂರಿನ ವೀಕ್ಷಣಾಗೃಹವು 2024ರಲ್ಲಿ ನೆಲಸಮವಾಯಿತು. ಇನ್ನು 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಮಲ್ಲೇಶ್ವರ ಮತ್ತು ಬಸವನಗುಡಿಗಳ ಜಗುಲಿಮನೆಗಳು, ದಂಡು ಪ್ರದೇಶದ ‘ಮಂಕಿ ಟಾಪ್’ (ಮೇಲೆ ಚೂಪಾದ ಮರದ ಮುಂಚಾಚು ಇರುವ) ಕಿಟಕಿಗಳ ಬಂಗಲೆಗಳು ಖಾಸಗಿ ಸ್ವತ್ತುಗಳಾದ್ದರಿಂದ, ದಾಯಾದಿಗಳಲ್ಲಿ ಪಾಲಾದಾಗ ನಿವೇಶನದ ಬೆಲೆಯ ಮುಂದೆ ಮನೆಗೆ ಬೆಲೆಯೇ ಉಳಿಯುವುದಿಲ್ಲ; ಕೆಡವುವುದಕ್ಕೆ ಮುನ್ನ ಅಳತೆಯ ನಕ್ಷೆಯನ್ನೂ ಛಾಯಾಚಿತ್ರಗಳನ್ನೂ ತೆಗೆದಿಡುವುದಷ್ಟೇ ಅನೇಕ ಕಡೆ ಸಾಧ್ಯವಾಗಿರುವ ಸಂರಕ್ಷಣೆ.