ಕಾಗುಣಿತ ಕಲಿಸಿದ ಬಗೆ: ಬಳ್ಳಾರಿಯ ಮರಳಿನಿಂದ ನಲಿ-ಕಲಿಯವರೆಗೆ

ಕಾಗುಣಿತವನ್ನು ಬಾಯಿಪಾಠ ಮಾಡಿಸುವುದೇ ನಮ್ಮ ಹಳೆಯ ಪದ್ಧತಿ, ಅದನ್ನು ಕೈಬಿಟ್ಟಿದ್ದರಿಂದಲೇ ಮಕ್ಕಳ ಬರವಣಿಗೆ ಕೆಟ್ಟಿತು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ದಾಖಲೆ ನೋಡಿದರೆ ಈ ನಂಬಿಕೆ ಪೂರ್ತಿ ನಿಲ್ಲುವುದಿಲ್ಲ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಊರೂರಿನ ಶಾಲೆಗಳ ವಿವರ ಕೇಳಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಕಳಿಸಿದ ವರದಿಯ ಪ್ರಕಾರ, ಕನ್ನಡ, ತೆಲುಗು, ಮರಾಠಿ ಮೊದಲಾದವು ಸೇರಿ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅಲ್ಲಿನ ಮಗು ಅಕ್ಷರಗಳನ್ನು ಉಚ್ಚರಿಸಿ ಕಲಿಯುತ್ತಿರಲಿಲ್ಲ, ಮರಳಿನಲ್ಲಿ ಬೆರಳಾಡಿಸಿ ಬರೆದು ಕಲಿಯುತ್ತಿತ್ತು. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಮೂರಡಿ ಉದ್ದ, ಒಂದಡಿ ಅಗಲ. ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಬಿರುಸಾಗಿಸಿದ ಬಟ್ಟೆ. ಪುಸ್ತಕದಂತೆ ಮಡಿಚಿ ಇದ್ದಿಲು, ಅಂಟು ಬಳಿದದ್ದು. ಬಳಪದಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಅಕ್ಷರ ಬಂದ ಮೇಲೆ ವ್ಯಂಜನಕ್ಕೆ ಸ್ವರಚಿಹ್ನೆ ಕೂಡಿಸುವ ಪಾಠ; ಅದರ ಬೆನ್ನಿಗೇ ಜನರ, ಊರುಗಳ, ಪ್ರಾಣಿಗಳ ಹೆಸರು ಬರೆಯುವುದು. ನನ್ನ ವಾದಕ್ಕೆ ಮುಖ್ಯವಾದದ್ದು ಈ ಕ್ರಮ. ಕಾಗುಣಿತ ಕೈಯಿಂದ ಹುಟ್ಟಿ, ಪರಿಚಿತ ಹೆಸರುಗಳಲ್ಲಿ ಕೂಡಲೇ ಬಳಕೆಗೆ ಬರುತ್ತಿತ್ತು. ಅರ್ಥ ತಿಳಿಯದ ಬಾಯಿಪಾಠ ಆಗಲೂ ಇತ್ತು. ಆದರೆ ಕ್ಯಾಂಪ್‌ಬೆಲ್ ಆ ದೂರನ್ನು ಹೇಳುವುದು ಕಾವ್ಯಪಾಠದ ಬಗ್ಗೆ.

ಕೈಗೆ ಮೊದಲ ಸ್ಥಾನ ಸಿಕ್ಕಿದ್ದಕ್ಕೆ ಲಿಪಿಯಲ್ಲೇ ಕಾರಣ ಕಾಣುತ್ತದೆ. 34 ವ್ಯಂಜನಗಳಿಗೆ ಕ ಕಾ ಕಿ ಕೀ ಎಂದು ಕಂ ಕಃವರೆಗೆ 15 ರೂಪಗಳಂತೆ 510 ಗುಣಿತಾಕ್ಷರಗಳಾಗುತ್ತವೆ. ರಾಗವಾಗಿ ಹೇಳುವಾಗ ಎಲ್ಲ ಸಾಲೂ ಒಂದೇ ಸಮ, ಬರೆಯುವಾಗ ಹಾಗಲ್ಲ. ಪ, ವಗಳ ಕೊಂಬು ಕೆಳಗಿಳಿಯುತ್ತದೆ, ಏಕೆಂದರೆ ವ ಅಕ್ಷರದ ಬಲಕ್ಕೆ ಕೊಂಬು ಹತ್ತಿಸಿದರೆ ಅದು ಮ ಆಗಿ ಕಾಣುತ್ತದೆ. ಕೀ, ಕೇ, ಕೋಗಳಿಗೆ ಒಂದೇ ದೀರ್ಘದ ಗುರುತು ಸಾಲುತ್ತದೆ. ಕಾ, ಕೂಗಳು ಬೇರೆ ದಾರಿ ಹಿಡಿಯುತ್ತವೆ. ಎ-ಏ, ಒ-ಓ ಭೇದವಂತೂ ಹಳೆಯ ಶಾಸನಗಳ ಬರಹದಲ್ಲಿ ಕಾಣುವುದೇ ಇಲ್ಲ. ಓದುವವರೇ ಸಂದರ್ಭ ನೋಡಿ ತಿಳಿಯಬೇಕಿತ್ತು. ಹಾಗಾಗಿ ಇಂದಿನ ಕಾಗುಣಿತದ ಸಾಲನ್ನು ಆ ಕಾಲದಿಂದ ಬದಲಾಗದೆ ಬಂದದ್ದೆಂದು ಹೇಳಲಾಗದು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿ, ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ವರ್ಣಮಾಲೆಯ ಕ್ರಮವನ್ನು ಒಡೆಯಿತು. ಮೊದಲಿಗೆ ರ, ಗ, ಸ, ದ, ಅ. ಒಂದೂ ಸ್ವರಚಿಹ್ನೆ ಕಲಿಯುವ ಮುಂಚೆಯೇ ಮಗು ಅರಸ, ಅಗಸ, ಗರಗಸ ಓದುತ್ತದೆ. ಇದನ್ನು ಪರಂಪರೆಗೆ ಬಿದ್ದ ಪೆಟ್ಟು ಎನ್ನುವವರಿದ್ದಾರೆ. ಕಲಿತ ಅಕ್ಷರ ತಡಮಾಡದೆ ಪದವಾಗಬೇಕೆಂಬ ವಿಷಯದಲ್ಲಿ ಅದು ಬಳ್ಳಾರಿಯ ಆ ಶಾಲೆಗಳಿಗೆ ಹತ್ತಿರವೇ ಇದೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ಮುಂದಿಡುತ್ತದೆ. ಕನ್ನಡದ ಅಕ್ಷರಗಳನ್ನು ಕಲಿಯುವ ಕೆಲಸ ಮೊದಲ ವರ್ಷಕ್ಕೆ ಮುಗಿಯುವುದಿಲ್ಲ, ಮುಂದಿನ ತರಗತಿಗಳಲ್ಲೂ ಸಾಗುತ್ತದೆ. ಮಕ್ಕಳಿಗೆ ‘ಕಿ’ ಒಂದಿಡೀ ಅಕ್ಷರವಾಗಿ ಬೇಗ ಸಿಗುತ್ತದೆ. ಅದರೊಳಗೆ ಕ್ ಮತ್ತು ಇ ಇವೆಯೆಂಬ ಅರಿವು ತಡವಾಗಿ ಬರುತ್ತದೆ. ಹೀಗಿರುವಾಗ ಎರಡನೇ ತರಗತಿಯ ಮಗು ಕೊ-ಕೋ ತಪ್ಪಿದರೆ ಅದನ್ನು ದಡ್ಡತನವೆಂದು ಎಣಿಸುವುದು ಅನ್ಯಾಯ. ಮೂರು, ನಾಲ್ಕನೇ ತರಗತಿಯ ಪಾಠದಲ್ಲೂ ಗುಣಿತಾಕ್ಷರಕ್ಕೆ ಹೊತ್ತು ಮೀಸಲಿಡಬೇಕು, ಅದೂ ಬರೆಸುವ ಮೂಲಕ.