ಧಾರವಾಡ, ಧಾರ್ವಾರ್: ಒಂದು ಊರು, ಒಂದು ಶಿಲೆ

ಊರಿನ ಹೆಸರು ಊರಲ್ಲೇ ನಿಲ್ಲುವುದಿಲ್ಲ, ಜವಳಿಗೋ ತಿಂಡಿಗೋ ಹೂವಿಗೋ ಅಂಟಿಕೊಂಡು ಊರಾಚೆ ಹೋಗುತ್ತದೆ ಎಂಬುದು ಪದಪ್ರಿಯರಾದ ನಮಗೆ ಹೊಸತೇನಲ್ಲ. ಆದರೆ ಧಾರವಾಡ ಎಂಬ ಹೆಸರು ಹೋದಷ್ಟು ದೂರ, ಇಳಿದಷ್ಟು ಆಳ ಇನ್ನೊಂದು ಕನ್ನಡದ ಊರಿನ ಹೆಸರು ಹೋದಂತಿಲ್ಲ. ಪೇಢೆಯ ಡಬ್ಬಿಯ ಮೇಲೆ ಅದು 'ಧಾರವಾಡ್', ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಸಂಶೋಧಕ ಇಂಗ್ಲಿಷಿನಲ್ಲಿ ಬರೆದೊಪ್ಪಿಸುವ ಮಹಾಪ್ರಬಂಧದ ಹೊದಿಕೆಯ ಮೇಲೆ 'ಧಾರ್ವಾರ್'.

ಮೊದಲು ಊರನ್ನೇ ಬಿಡಿಸಿ ನೋಡೋಣ. ಮಲೆನಾಡಿಗೂ ಬಯಲುಸೀಮೆಗೂ ನಡುವಣ ಬಾಗಿಲಾದ್ದರಿಂದ 'ದ್ವಾರವಾಟ'ವೇ ಧಾರವಾಡವಾಯಿತೆಂದು ಹೇಳುವುದುಂಟು. ಸಂಸ್ಕೃತದ 'ವಾಟ', ಅಂದರೆ ಆವರಣ, 'ವಾಡ'ವಾಗಿ, ಉತ್ತರ ಕರ್ನಾಟಕದ ಗೌಡರ, ದೇಸಾಯರ 'ವಾಡೆ'ಯಾಗಿ ಬೆಳೆದ ಹಾದಿ ನಮಗೆ ಪರಿಚಿತ. ಹಳಗನ್ನಡದಲ್ಲಿ ಊರಿಗೇ 'ಬಾಡ' ಎಂಬ ಮಾತಿದೆ, ಕನಕದಾಸರ ಬಾಡ ಆ ಮಾತನ್ನು ಹಾಗೇ ಉಳಿಸಿಕೊಂಡ ಊರು. ಬೆಮರ್ ಮತ್ತು ಪನಿ ಸೇರಿ 'ಬೆಮರ್ವನಿ' ಆಗುವ ಭಾಷೆಯಲ್ಲಿ ಉತ್ತರಪದದ ಮೊದಲ ಓಷ್ಠ್ಯ ವಕಾರಕ್ಕೆ ಸಡಿಲುವುದು ಸಹಜವಾದ್ದರಿಂದ, ಆ ಕಡೆಯಿಂದಲೂ 'ವಾಡ'ಕ್ಕೆ ದಾರಿ ತೆರೆದೇ ಇದೆ.

ಇನ್ನು ಆ ಕೊನೆಯ ಡಕಾರ. ಎರಡು ಸ್ವರಗಳ ನಡುವೆ ನಾಲಗೆಯ ತುದಿ ಹಿಂದಕ್ಕೆ ಮಡಿದು ಅಂಗುಳನ್ನು ಥಟ್ಟನೆ ತಟ್ಟಿ ಬಿಡುವ ನಮ್ಮ ಸೀಮೆಯ ಡಕಾರ ಆಂಗ್ಲರ ಕಿವಿಗೆ ರಕಾರವಾಗಿ ಕೇಳಿತು. 'ಗಾಡಿ' ಅವರ ಬಾಯಲ್ಲಿ 'ಗ್ಯಾರಿ', 'ಸಾಡಿ' 'ಸಾರಿ', ಅದೇ ಸಾಲಿನಲ್ಲಿ ಧಾರವಾಡ 'ಧಾರ್ವಾರ್'. ಕಲೆಕ್ಟರ ಕಚೇರಿಯ ಕಡತಗಳಲ್ಲಿ ಹೀಗೆ ನೆಲೆಯಾಗಿದ್ದ ಕಾಗುಣಿತವನ್ನೇ 1880ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಕೈಗೆತ್ತಿಕೊಂಡು, ದಕ್ಷಿಣದಲ್ಲಿ ಬಂಗಾರದ ಅದಿರು ಹೊತ್ತ ಪದರಶಿಲೆಗಳ ಪಟ್ಟಿಗಳನ್ನೆಲ್ಲ ಸುತ್ತಲಿನ ನೈಸ್ ಶಿಲೆಯಿಂದ ಬೇರ್ಪಡಿಸಿ, 'ಧಾರ್ವಾರ್ ಸಿಸ್ಟಮ್' ಎಂದು ಹೆಸರಿಟ್ಟರು. ಅಂದಿನಿಂದ ಕೋಲಾರದ ಕಲ್ಲೂ ಸಂಡೂರಿನ ಕಲ್ಲೂ ಧಾರ್ವಾರ್.

ಅರ್ಥ ಅಲ್ಲಿಗೂ ನಿಲ್ಲಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್, ನೈಸ್ ಶಿಲೆಯೇ ಧಾರ್ವಾರ್ ಶಿಲೆಯೊಳಕ್ಕೆ ನುಗ್ಗಿದೆಯೆಂದು ವಾದಿಸಿದರು. 1916ರ ಹೊತ್ತಿಗೆ ಆ ನೋಟ ಗಟ್ಟಿಯಾಗಿ, ದಶಕಗಳ ಕಾಲ 'ಧಾರ್ವಾರ್' ಎಂದರೆ ಮೈಸೂರು ಸೀಮೆಯಲ್ಲಿ ಆದಿಶಿಲೆ ಎಂಬರ್ಥವೇ ನಡೆಯಿತು. ಅದನ್ನು ಅಲುಗಿಸಿದ್ದರಲ್ಲಿ ಚಿಕ್ಕಮಗಳೂರಿನ ಬಳಿಯ ಕರ್ತಿಕೆರೆಯ ಕಲ್ಲಿಗೂ ಪಾಲುಂಟು. ಅಲ್ಲಿ ಧಾರ್ವಾರ್ ಶಿಲೆಗಳದೇ ಭಾಗವಾದ ಬಾಬಾಬುಡನ್ ಶಿಲಾಸಮೂಹದ ತಳದಲ್ಲೇ ಬೆಣಚುಕಲ್ಲಿನ ದುಂಡು ಹರಳುಗಳು ಒತ್ತಾಗಿ ಕೂತಿವೆ. ನೀರಲ್ಲಿ ಉರುಳಿ ನುಣುಪಾದ ಹರಳು ಅಲ್ಲಿ ಬಂದು ತಂಗಬೇಕಾದರೆ, ಸವೆದು ಕೊಡಲು ಅದಕ್ಕಿಂತ ಹಳೆಯ ನೆಲ ಕೆಳಗೆ ಇದ್ದಿರಲೇಬೇಕು. ಐಸೊಟೋಪುಗಳಿಂದ ಕಾಲವೆಣಿಸುವ ವಿದ್ಯೆಯೂ ಅದನ್ನೇ ಹೇಳಿತು: ನೈಸಿನ ಭಾಗಗಳು 300 ಕೋಟಿ ವರ್ಷಕ್ಕೂ ಹಿಂದಿನವು. 1976ರ ಸುಮಾರಿಗೆ ಇನ್ನೂ ಹಳೆಯ ಪಟ್ಟಿಗಳನ್ನು 'ಸರಗೂರು' ಎಂದು ಬೇರೆ ಮಾಡಲಾಗಿ, ಧಾರ್ವಾರ್ ತುಸು ಕಿರಿದಾಯಿತು, ಕಿರಿಯದೂ ಆಯಿತು.

ಕಾಲದಲ್ಲಿ ಕುಗ್ಗಿದ ಪದ ದೇಶದಲ್ಲಿ ಹಿಗ್ಗಿತು. ಬಲವೆಂಬ ಅರ್ಥದ ಗ್ರೀಕ್ 'ಕ್ರಾಟೋಸ್'ನಿಂದ ಹುಟ್ಟಿದ 'ಕ್ರೇಟಾನ್', ಅಂದರೆ ಯುಗಯುಗಗಳಿಂದ ಅಲುಗದೆ ನಿಂತ ಭೂಖಂಡದ ಗಟ್ಟಿ ತಿರುಳು, ಬಂದು ಜೊತೆಗೂಡಿತು. 'ಕರ್ನಾಟಕ ಕ್ರೇಟಾನ್' ಎಂದು ಬರೆದವರೂ ಇದ್ದರು. ಆಂಧ್ರದ ನೆಲವನ್ನೂ ಒಳಗೊಂಡ ಆ ತಿರುಳಿಗೆ 'ಧಾರ್ವಾರ್ ಕ್ರೇಟಾನ್' ಎಂಬುದೇ ನಿಂತಿತು. ಭೂಭೌತವಿಜ್ಞಾನಿಗಳು ಪದವನ್ನು ಇನ್ನೂ ಕೆಳಕ್ಕೆ ಒಯ್ದರು: ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಕಾವಲಿಯಿಂದ ಉಡುಪಿಯವರೆಗೆ ಸುಮಾರು 600 ಕಿ.ಮೀ. ಉದ್ದಕ್ಕೂ ಸಿಡಿಮದ್ದಿನ ಕಂಪನಗಳನ್ನು ನೆಲದಾಳಕ್ಕೆ ಕಳಿಸಿ ಮರುದನಿ ಆಲಿಸಿತು. ಮುಂದಿನ ಅಧ್ಯಯನಗಳೂ ಸೇರಿ ಇಂದು 'ಪೂರ್ವ ಧಾರ್ವಾರ್' ಎಂದರೆ ಸುಮಾರು 35 ಕಿ.ಮೀ. ದಪ್ಪದ ಭೂಚಿಪ್ಪು, 'ಪಶ್ಚಿಮ ಧಾರ್ವಾರ್' ಎಂದರೆ 40ರಿಂದ 50 ಕಿ.ಮೀ. ದಪ್ಪದ್ದು.

ಊರು ಇಂಗ್ಲಿಷಿನಲ್ಲೂ ತನ್ನ ಡಕಾರವನ್ನು ಮರಳಿ ಪಡೆದ ಮೇಲೂ ಶಿಲೆ ಯಾಕೆ ರಕಾರದಲ್ಲೇ ಉಳಿಯಿತು? ಊರಿನ ಹೆಸರು ಬದಲಾದರೂ ಅದರಿಂದ ಪಡೆದ ಶಿಲಾಸ್ತರದ ಹೆಸರು ಬದಲಾಗಬೇಕಿಲ್ಲ ಎಂಬುದು ಸ್ತರವಿಜ್ಞಾನದ ಅಂತಾರಾಷ್ಟ್ರೀಯ ಕಟ್ಟಳೆ. ಅದೇ ಬಲದಿಂದ ರಾಮನಗರದ ಬಂಡೆ ಇಂದಿಗೂ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರು ಹೊತ್ತ, ನಮ್ಮ 'ಪೇಟೆ'ಯನ್ನು ಬಾಲದಲ್ಲಿ ಅಡಗಿಸಿಕೊಂಡ 'ಕ್ಲೋಸ್‌ಪೇಟ್ ಗ್ರಾನೈಟ್'. 'ವರ್ಣ' ಒಂದು ಕಡೆಗೆ, ಅದರ ತದ್ಭವ 'ಬಣ್ಣ' ಇನ್ನೊಂದು ಕಡೆಗೆ ಅರ್ಥ ಹಂಚಿಕೊಂಡಂತೆ, ಇಂಗ್ಲಿಷಿನಲ್ಲಿ ಡಕಾರ ಊರಿನ ಪಾಲು, ರಕಾರ ಕಲ್ಲಿನ ಪಾಲು.

ಕನ್ನಡದಲ್ಲಿ ಬರೆಯುವಾಗ ನಮಗೆ ಆ ತಪ್ಪುಗಿವಿಯ ರಕಾರದ ಹಂಗೂ ಬೇಕಿಲ್ಲ. 'ಧಾರವಾಡದ ಶಿಲೆ' ಎಂದರೆ ಆ ಊರಿನಲ್ಲಿ ಸಿಕ್ಕ ಯಾವುದೋ ಕಲ್ಲು. 'ಧಾರವಾಡ ಶಿಲೆ' ಎಂದರೆ ಕೋಲಾರದಲ್ಲಿ ಸಿಕ್ಕರೂ ಅದು ಧಾರವಾಡವೇ, ದಾವಣಗೆರೆಯಲ್ಲಿ ಕಾಸಿದರೂ ಮೈಸೂರು ಪಾಕ್ ಮೈಸೂರಿನದೇ ಆಗಿರುವಂತೆ. ವಿಭಕ್ತಿ ಪ್ರತ್ಯಯ ನಿಂತರೆ ಊರು, ಸಮಾಸದಲ್ಲಿ ಲೋಪವಾದರೆ ಜಾತಿ. ಇಂಗ್ಲಿಷು ಎರಡು ಕಾಗುಣಿತ ಇಟ್ಟುಕೊಂಡು ಮಾಡುವ ಕೆಲಸವನ್ನು ನಮ್ಮ ವ್ಯಾಕರಣ ಒಂದು ದಕಾರದಲ್ಲಿ ಮುಗಿಸುತ್ತದೆ.