ಮುರಕಲ್ಲಿನ ಕೆಳಗಿನ ಪದರ: ಪಶ್ಚಿಮ ಘಟ್ಟದ ಭೂಕುಸಿತ ಮತ್ತು ಮಣ್ಣಿನ ಕಾಂತೀಯತೆ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಜರಿದ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ಅದರೊಂದಿಗೆ ಕೊಚ್ಚಿಹೋಗಿ ನದಿಯಲ್ಲಿ ಹೂತುಹೋಗಿದ್ದ ಲಾರಿಯೊಂದನ್ನು ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ 25 ಆಗಿತ್ತು. ಆ ವಾರಗಳಲ್ಲಿ ನಡೆದ ಚರ್ಚೆಯೆಲ್ಲ ಮಳೆಯ ಪ್ರಮಾಣ ಮತ್ತು ಹೆದ್ದಾರಿಗಾಗಿ ಕಡಿದ ಗುಡ್ಡದ ಬುಡದ ಸುತ್ತ ಇತ್ತು. ಅದು ಸರಿಯಾದ ಚರ್ಚೆಯೇ. ಆದರೆ ಒಂದೇ ಮಳೆಗೆ ಒಂದು ಗುಡ್ಡ ನಿಲ್ಲುತ್ತದೆ, ಪಕ್ಕದ್ದು ಜರಿಯುತ್ತದೆ. ಈ ವ್ಯತ್ಯಾಸಕ್ಕೆ ಕಾರಣವಾಗುವ ಪದರವನ್ನು ಅದರ ಕಾಂತೀಯ ಗುಣದಿಂದ ಮೊದಲೇ ಗುರುತಿಸಬಹುದೇ ಎಂಬುದು ಈ ಲೇಖನದ ಪ್ರಶ್ನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಭೂಕಾಂತಕ್ಷೇತ್ರದ ಏರಿಳಿತ ಗುಡ್ಡವನ್ನು ಕೆಡವುವುದಿಲ್ಲ. ದಕ್ಷಿಣ ಭಾರತದಲ್ಲಿ ಈ ಕ್ಷೇತ್ರದ ತೀವ್ರತೆ ಸುಮಾರು 40,000 ನ್ಯಾನೋಟೆಸ್ಲಾ. ದೊಡ್ಡ ಸೌರಬಿರುಗಾಳಿ ಬಂದಾಗ ಅದರಲ್ಲಾಗುವ ಬದಲಾವಣೆ ಕೆಲವು ನೂರು ನ್ಯಾನೋಟೆಸ್ಲಾ. ಮಣ್ಣಿನ ಕಣಗಳ ನಡುವೆ ತುಂಬಿಕೊಳ್ಳುವ ನೀರಿನ ಒತ್ತಡದ ಮುಂದೆ ಇದರ ಬಲ ಲೆಕ್ಕಕ್ಕೇ ಬಾರದು. ಕಾಂತೀಯತೆ ಇಲ್ಲಿ ಕುಸಿತದ ಕಾರಣವಲ್ಲ, ಸಾಕ್ಷ್ಯ.

ಕರಾವಳಿಯಲ್ಲಿ ಬಾವಿ ತೋಡುವವರಿಗೆ ಮುರಕಲ್ಲೂ ಗೊತ್ತು, ಅದರ ಕೆಳಗಿನ ಶೇಡಿ ಮಣ್ಣೂ ಗೊತ್ತು. ಮುರಕಲ್ಲು ಗಟ್ಟಿ, ಆದರೆ ತೂತುಗಳಿಂದ ತುಂಬಿದ್ದು. ಮಳೆನೀರು ಅದರೊಳಗಿಂದ ಸಲೀಸಾಗಿ ಇಳಿಯುತ್ತದೆ. ಕೆಳಗಿರುವುದು ಕಯೋಲಿನ್ ಹೆಚ್ಚಾಗಿರುವ ನುಣುಪಾದ ಶೇಡಿ. ಒಣಗಿದ್ದಾಗ ಅದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದಾಗ ಅದರ ಸತ್ವ ಉಡುಗುತ್ತದೆ. ಗುಡ್ಡದ ಬುಡವನ್ನು ಲಂಬವಾಗಿ ಕಡಿದರೆ ಈ ಶೇಡಿಗೆ ಇದ್ದ ಆಸರೆ ಹೋಗುತ್ತದೆ, ಮೇಲಿನ ಮುರಕಲ್ಲು ಬರೀ ಭಾರವಾಗಿ ಉಳಿಯುತ್ತದೆ.

ಬಂಡೆ ಕೊಳೆತು ಮುರಕಲ್ಲಾಗುವಾಗ ಕಬ್ಬಿಣ ಮೇಲಿನ ಪದರದಲ್ಲಿ ಶೇಖರವಾಗುತ್ತದೆ, ಕೆಳಗಿನ ಪದರ ಕಬ್ಬಿಣ ಕಳೆದುಕೊಂಡು ಬಿಳಿಚುತ್ತದೆ. ಹಾಗಾಗಿ ಎರಡರ ಕಾಂತಗ್ರಾಹಿತ್ವ, ಅಂದರೆ ಹೊರಗಿನ ಕಾಂತಕ್ಷೇತ್ರಕ್ಕೆ ಸ್ಪಂದಿಸುವ ಪ್ರಮಾಣ, ಬೇರೆಬೇರೆಯಾಗಿರಬೇಕೆಂದು ನಿರೀಕ್ಷಿಸಬಹುದು. ಇಲ್ಲಿ ಎಚ್ಚರ ಬೇಕು: ಕಣ್ಣಿಗೆ ಕಾಣುವ ಕೆಂಪು ಹೆಮಟೈಟಿನದು, ಅದರ ಕಾಂತಗ್ರಾಹಿತ್ವ ತೀರಾ ಕಡಿಮೆ. ಅದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಸ್ಪಂದಿಸುವುದು ಮ್ಯಾಗ್ನೆಟೈಟ್ ಮತ್ತು ಮ್ಯಾಗ್‌ಹೆಮೈಟ್. ಬಣ್ಣ ನೋಡಿ ಅಂದಾಜು ಕಟ್ಟುವುದು ಇದರಿಂದಲೇ ಸಲ್ಲದು. ಮೂಲ ಬಂಡೆಯ ಮ್ಯಾಗ್ನೆಟೈಟ್ ಕಣಗಳು ಕೆಲವೆಡೆ ಶೇಡಿಯಲ್ಲೂ ಉಳಿದಿರಬಹುದಾದ್ದರಿಂದ, ಅದೇ ಗುಡ್ಡದ ಕೊಳೆಯದ ಬಂಡೆಯನ್ನೂ ಅಳೆಯದೆ ತೀರ್ಮಾನಕ್ಕೆ ಬರಬಾರದು.

ಮೇಲ್ಮಣ್ಣಿಗೆ ಇನ್ನೊಂದು ಗುರುತಿದೆ. ಮಣ್ಣು ರೂಪುಗೊಳ್ಳುವಾಗ ಸುಮಾರು 20 ನ್ಯಾನೋಮೀಟರ್ ಗಾತ್ರದ ಕಾಂತೀಯ ಕಣಗಳು ಅದರಲ್ಲಿ ಹುಟ್ಟುತ್ತವೆ. ಎರಡು ಬೇರೆ ಆವೃತ್ತಿಗಳಲ್ಲಿ ಕಾಂತಗ್ರಾಹಿತ್ವ ಅಳೆದು ವ್ಯತ್ಯಾಸ ನೋಡಿದರೆ ಈ ಕಣಗಳ ಪಾಲು ತಿಳಿಯುತ್ತದೆ. ಕುಸಿದು ಬಂದ ರಾಶಿಯಲ್ಲಿ ಅವು ಹೆಚ್ಚಿದ್ದರೆ ಜಾರಿದ್ದು ಮುಖ್ಯವಾಗಿ ಮೇಲ್ಮಣ್ಣಿನ ಹೊದಿಕೆ. ಕಡಿಮೆ ಇದ್ದರೆ ಆಳದ ಕೊಳೆತ ಬಂಡೆಯೇ ಕದಲಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಸುತ್ತ ನಡೆದ ಕುಸಿತಗಳಂಥವನ್ನು ವಿಂಗಡಿಸಲು ಇದು ಅಗ್ಗದ, ನಂಬಬಹುದಾದ ಅಳತೆ. ಮೇಲ್ಪದರದ ಜಾರಿಕೆಗೆ ಗಿಡಮರಗಳ ಬೇರು ಪರಿಹಾರವಾದೀತು. ಆಳದ ಕುಸಿತಕ್ಕೆ ನೀರು ಬಸಿಯುವ ವ್ಯವಸ್ಥೆಯೇ ಬೇಕು.

ಮ್ಯಾಗ್ನೆಟೋಮೀಟರ್ ಹಿಡಿದು ಇಳಿಜಾರನ್ನೇ ಅಳೆಯುವ ಕೆಲಸ ಮಾತ್ರ ನಮ್ಮಲ್ಲಿ ಸುಲಭವಲ್ಲ. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಸಮೀಪ ಹಾದುಹೋಗುವುದರಿಂದ ಇಲ್ಲಿ ಭೂಕಾಂತಕ್ಷೇತ್ರ ನೆಲಕ್ಕೆ ಬಹುತೇಕ ಸಮಾಂತರವಾಗಿ, ಉತ್ತರಾಭಿಮುಖವಾಗಿ ಇರುತ್ತದೆ. ಇಂಥ ಕ್ಷೇತ್ರದಲ್ಲಿ ಉತ್ತರ-ದಕ್ಷಿಣಕ್ಕೆ ಚಾಚಿದ ಬಂಡೆಗಳ ಪ್ರೇರಿತ ಕಾಂತೀಯತೆ ತುದಿಗಳಲ್ಲಷ್ಟೆ ಎದ್ದು ಕಾಣುತ್ತದೆ. ಘಟ್ಟದ ಅಂಚೂ ಹೆಚ್ಚುಕಡಿಮೆ ಅದೇ ದಿಕ್ಕಿನದು. ಅಂತರ್ಜಲಕ್ಕೆ ಅಡ್ಡಗಟ್ಟೆಯಾಗಬಲ್ಲ ಡೊಲೆರೈಟ್ ಡೈಕ್ (ಬಂಡೆಯ ಬಿರುಕಿನಲ್ಲಿ ಗೋಡೆಯಂತೆ ಗಟ್ಟಿಯಾದ ಶಿಲಾರಸ) ಆ ದಿಕ್ಕಿನಲ್ಲಿದ್ದು, ಅದರ ಸ್ವಂತ ಶೇಷ ಕಾಂತೀಯತೆ ದುರ್ಬಲವಾಗಿದ್ದರೆ, ನಕ್ಷೆಯಲ್ಲಿ ಅದು ತಪ್ಪಿಹೋಗಬಹುದು. ಯುರೋಪಿನ ಪಠ್ಯಗಳ ವಿಧಾನವನ್ನು ಹಾಗೆಯೇ ತಂದು ಇಲ್ಲಿ ಹಚ್ಚಿದರೆ ದಾರಿ ತಪ್ಪುವುದು ಇಂಥ ಕಡೆ. ವಿದ್ಯುತ್ ರೋಧ ಮಾಪನದ ಜೊತೆ ಇಟ್ಟಾಗಲೇ ಮ್ಯಾಗ್ನೆಟೋಮೀಟರಿನ ಮಾತಿಗೆ ಬೆಲೆ. ತಗಡಿನ ಚಾವಣಿ ಮತ್ತು ವಿದ್ಯುತ್ ತಂತಿಗಳ ಗದ್ದಲದಿಂದ ದೂರವಿರಬೇಕು. ಕ್ಷೇತ್ರದ ದೈನಂದಿನ ಏರಿಳಿತವನ್ನು ಕಳೆಯಲು ಒಂದು ಉಪಕರಣ ಸ್ಥಿರವಾಗಿ ಒಂದೆಡೆ ಇರಲೇಬೇಕು.

ಇಂಥ ಕಾಂತೀಯ ಅಳತೆಗಳಿಗೆ ಬೇಕಾದ ಪರಿಣತಿಯನ್ನು ಹೊರಗೆ ಹುಡುಕಬೇಕಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆ ಮತ್ತು ವಯನಾಡಿನ ಪೂಕೋಡು ಸರೋವರದ ಕೆಸರಿನ ಕಾಂತೀಯ ಗುಣಗಳಿಂದಲೇ ಸಾವಿರಾರು ವರ್ಷಗಳ ಮಳೆಯ ಚರಿತ್ರೆಯನ್ನು ಓದಿದ್ದಾರೆ. ಘಟ್ಟದ ತಪ್ಪಲಿನ ಕೆರೆಗಳಲ್ಲಿ ಹಳೆಯ ಕುಸಿತಗಳ ಪದರಗಳನ್ನು ಹುಡುಕಲು ಅದೇ ಪ್ರಯೋಗಾಲಯದ ಕ್ರಮ ಸಾಕು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಸಂಭಾವ್ಯತಾ ನಕ್ಷೆಗಳ ಪ್ರಮಾಣ 1:50,000. ಅಂಥ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಕೆಲವೇ ಮೀಟರ್ ದಪ್ಪದ ಶೇಡಿ ಅದರಲ್ಲಿ ಮೂಡುವುದಿಲ್ಲ. ಕುಸಿದ ಗುಡ್ಡದ ಗಾಯ ಆ ಪದರಗಳನ್ನು ತೆರೆದು ತೋರಿಸುತ್ತದೆ, ಆದರೆ ತಡೆಗೋಡೆ ಎದ್ದು ಹುಲ್ಲು ಹಬ್ಬುವವರೆಗೆ ಮಾತ್ರ. ಕೈಯಲ್ಲಿ ಹಿಡಿಯುವ ಕಾಂತಗ್ರಾಹಿತ್ವ ಮಾಪಕಕ್ಕೆ ಒಂದು ಅಳತೆಗೆ ಕೆಲವು ಕ್ಷಣ ಸಾಕು. ಸರ್ವೇಕ್ಷಣೆಯ ತಂಡಗಳು ಕುಸಿತದ ಸ್ಥಳ ಪರಿಶೀಲನೆಗೆ ಹೋದಾಗ ಪ್ರತಿ ಗಾಯದಲ್ಲೂ ಮೇಲಿಂದ ಬುಡದವರೆಗೆ ಈ ಅಳತೆ ತೆಗೆದು, ಅಂಕಿಗಳನ್ನು ಎಲ್ಲ ಸಂಶೋಧಕರಿಗೂ ಮುಕ್ತವಾಗಿ ಒದಗಿಸಬೇಕು. ಹೆದ್ದಾರಿಗೆ ಹೊಸದಾಗಿ ಗುಡ್ಡ ಕಡಿಯುವ ಮೊದಲೂ ಇದು ಕಡ್ಡಾಯವಾಗಬೇಕು.